ಮಾಸ್ಟರ್ ಚಾರ್ಟಿನ ಖಾಲಿ ಮನೆ

ನೀಟ್ ರ‍್ಯಾಂಕ್ ನೋಡಿ ‘ಈ ಹುಡುಗ ಮುಂದೆ ಒಳ್ಳೇ ಪ್ರೊಫೆಸರ್ ಆಗುತ್ತಾನೆ’ ಎನ್ನುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ರ‍್ಯಾಂಕು ಸೀಟು ಕೊಡಿಸುತ್ತದೆ, ಅಷ್ಟೇ. ರೆಸಿಡೆನ್ಸಿಯಲ್ಲೇ ಲೇಖನ ಪ್ರಕಟಿಸಿದವರು ಬೋಧನೆ, ಸಂಶೋಧನೆಯಲ್ಲಿ ಉಳಿಯುವುದು ಹೆಚ್ಚು ಎಂದು ಅಮೆರಿಕದ ಅಧ್ಯಯನಗಳು ಹೇಳುತ್ತವೆ. ನಮ್ಮಲ್ಲಿ ಆ ಅಳತೆ ಅಷ್ಟಾಗಿ ನಡೆಯಲಿಲ್ಲ. ಪರೀಕ್ಷೆಗೆ ಕೂರಲು ಒಂದು ಪೋಸ್ಟರ್, ಒಂದು ಪ್ರಬಂಧ ವಾಚನ, ಜರ್ನಲಿಗೆ ಕಳಿಸಿದ ಒಂದು ಲೇಖನ ಇರಲೇಬೇಕೆಂದು ಆಗಿನ ವೈದ್ಯಕೀಯ ಪರಿಷತ್ತು ನಿಯಮ ಮಾಡಿದ್ದ ಕಾಲದಲ್ಲಿ ಎಲ್ಲರ ಕೈಯಲ್ಲೂ ಲೇಖನವೇ ಇತ್ತು. ದುಡ್ಡಿಗೆ ಅಚ್ಚು ಹಾಕುವ ಜರ್ನಲುಗಳಿಗೆ ಹಬ್ಬವಾಗಿತ್ತು.

ನಾನು ನೋಡುವುದು ಮಾಸ್ಟರ್ ಚಾರ್ಟನ್ನು. ಥೀಸಿಸ್ಸಿನ ಕೊನೆಗೆ ಅಂಟಿಸಿ ಯಾರೂ ಓದದ, ರೋಗಿಗಳ ಮಾಹಿತಿಯ ಆ ಕೋಷ್ಟಕವನ್ನು. ಲಾತೂರಿನಲ್ಲಿ ನಮ್ಮ ವಾರ್ಡಿಗೆ ಮಳೆಗಾಲ ಬಂತೆಂದರೆ ಸೋಯಾಬೀನ್ ಹೊಲದಲ್ಲಿ ಹಾವು ಕಡಿಸಿಕೊಂಡವರು ಬರುತ್ತಿದ್ದರು. ನಿಲಂಗಾ, ಉದಗೀರ 1956ರವರೆಗೆ ಬೀದರ್ ಜಿಲ್ಲೆಯವೇ ಆದ್ದರಿಂದ ಆ ಕಡೆಯ ಎಷ್ಟೋ ಜನರ ಮನೆಮಾತು ಇಂದಿಗೂ ಕನ್ನಡ. ಒಬ್ಬ ವಿದ್ಯಾರ್ಥಿಯ ಚಾರ್ಟಿನಲ್ಲಿ ಹಾವು ಕಡಿದಾಗಿನಿಂದ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಕೊಡುವವರೆಗಿನ ಸಮಯ ಎರಡು ತಾಸು, ಮೂರು ತಾಸು, ಮತ್ತೆ ಎರಡು ತಾಸು. ಕೋಷ್ಟಕದ ಒಂದು ಮನೆಯೂ ಖಾಲಿ ಇಲ್ಲ. ನನಗೆ ಅನುಮಾನ ಬಂದದ್ದು ಅಲ್ಲೇ.

ನಿಲಂಗಾ ಕಡೆಯ ಹುಡುಗಿಯೊಬ್ಬಳ ಚಾರ್ಟಿನಲ್ಲಿ ಮಾತ್ರ ‘ಗೊತ್ತಿಲ್ಲ’ಗಳೇ ಹೆಚ್ಚು. ನೈಟ್ ಡ್ಯೂಟಿ ಮುಗಿಸಿ ಮತ್ತೆ ಹಾಸಿಗೆ ಪಕ್ಕ ಕೂರುತ್ತಿದ್ದಳು.

“ಯವ್ವಾ, ಕಡಿದಾಗ ಎಷ್ಟಾಗಿತ್ರಿ?”

“ಟೈಮ್ ನನಗೇನ್ ಗೊತ್ತವ್ವಾ, ಕಳೆ ತೆಗ್ಯಾಕತ್ತಿದ್ದೆ.”

“ಉದಗೀರ ಬಸ್ ಹ್ವಾದ ಮ್ಯಾಲೋ, ಮೊದಲೋ?”

“ಬಸ್ ಆಗಷ್ಟೇ ಹೋಗಿತ್ತು.”

ಬಸ್ಸಿನ ವೇಳೆ ಕೇಳಿ ತಿಳಿದುಕೊಂಡು ಆಮೇಲೆ ಮನೆ ತುಂಬುತ್ತಿದ್ದಳು. ತಡವಾಗುವುದು ದಾರಿಯಲ್ಲೋ, ಮೊದಲು ಹೋದ ದವಾಖಾನೆಯಲ್ಲೋ ಎಂಬ ಮುಂದಿನ ಪ್ರಶ್ನೆ ಅವಳಿಗೆ ಹುಟ್ಟಿದ್ದು ಆ ಒಂದು ಕಾಲಮಿನಿಂದ. ಗೈಡ್ ಆಗಿ ನಾನು ಹೇಳಿಕೊಟ್ಟದ್ದಲ್ಲ.

ಹಿಮ್ಮತರಾವ್ ಬಾವಸ್ಕರ್ ಅವರ ಕೆಲಸ ಬಲ್ಲವರಿಗೆ ಹೀಗೆ ಹಾಸಿಗೆ ಪಕ್ಕ ಕೂತು ಕೇಳಿ ಬರೆಯುವುದು ಹೊಸದೇನಲ್ಲ. ಜಾಲ್ನಾ ಜಿಲ್ಲೆಯ ಈ ವೈದ್ಯರು ಕೊಂಕಣದ ಬಿರವಾಡಿ ಪಿಎಚ್‌ಸಿಯಲ್ಲಿ ಕೆಂಪು ಚೇಳು ಕಡಿದವರ ಪಕ್ಕ ಕೂತು ಲಕ್ಷಣಗಳನ್ನು ಬರೆದಿಟ್ಟರು. ಅದು 1982ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಪ್ರಾಜೋಸಿನ್ ಚಿಕಿತ್ಸೆಯನ್ನೂ ಅವರೇ ಬಳಕೆಗೆ ತಂದರು.

ಆದರೆ ಬೋಧನೆ, ಸಂಶೋಧನೆಯಲ್ಲಿ ಉಳಿಯಲು ಈ ಗುಣವೊಂದೇ ಸಾಲದು. ಆ ನಿಲಂಗಾ ಹುಡುಗಿಯ ಬ್ಯಾಚಿನಲ್ಲೇ ಉಮರ್ಗಾದ ಹುಡುಗನೊಬ್ಬನ ಚಾರ್ಟೂ ಅಷ್ಟೇ ಪ್ರಾಮಾಣಿಕವಾಗಿತ್ತು. ಮನೆಯಲ್ಲಿ ಸಾಲ, ತಂಗಿಯರ ಮದುವೆ. ಸರ್ಕಾರಿ ಸೇವೆಯ ಬಾಂಡ್ ಮುಗಿಸಿದವನೇ ಊರಲ್ಲಿ ದವಾಖಾನೆ ಹಾಕಿದ. ಅವಳ ಮನೆಯವರು ಲೆಕ್ಚರರ್ ಸಂಬಳದಲ್ಲಿ ಕಾಯಬಲ್ಲವರಾಗಿದ್ದರು, ಇಂದು ಅವಳು ಅಸೋಸಿಯೇಟ್ ಪ್ರೊಫೆಸರ್. ಮನೆಯ ಈ ಸ್ಥಿತಿ ಯಾವ ಚಾರ್ಟಿನಲ್ಲೂ ಕಾಣುವುದಿಲ್ಲ. ಅದಕ್ಕೇ ಈಗ ಹೊಸ ಪಿಜಿಗಳನ್ನು ಮೊದಲ ತಿಂಗಳಲ್ಲೇ ಕೂರಿಸಿಕೊಂಡು ಮನೆ ಕಡೆ ಹೇಗೆ ನಡೆದಿದೆ ಎಂದು ಕೇಳುತ್ತೇನೆ.