ಸಿಡಿಲು ಹುಟ್ಟುವುದು ಹೇಗೆ?



ಗುಡುಗಿದಾಗ ನಮ್ಮೂರಲ್ಲಿ ಅಜ್ಜಿಯರು "ಅರ್ಜುನ, ಅರ್ಜುನ ಅನ್ರೋ" ಅಂತಾರೆ. ಹಾಗಂದರೆ ಹೆದರಿಕೆ ಕಡಿಮೆಯಾಗುತ್ತದೆ, ನಿಜ. ಆದರೆ ಸಿಡಿಲು ಯಾಕೆ ಬರುತ್ತದೆ ಎಂದು ತಿಳಿದರೆ ಜೀವ ಉಳಿಸಿಕೊಳ್ಳಬಹುದು. ಅದಕ್ಕೇ ಈ ಲೇಖನ ಬರೆದಿದ್ದೇನೆ.

ಮಾಡಿ ನೋಡಿ: ಎಣ್ಣೆ ಹಚ್ಚದ ಒಣ ತಲೆಯನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಹತ್ತು ಸಲ ಬಾಚಿರಿ. ಅದನ್ನು ಸಣ್ಣ ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ಚೂರುಗಳು ಹಾರಿ ಬಂದು ಅಂಟಿಕೊಳ್ಳುತ್ತವೆ. ಉಜ್ಜಿದಾಗ ಕೂದಲಿನ ಎಲೆಕ್ಟ್ರಾನುಗಳು ಬಾಚಣಿಗೆಗೆ ಹೋಗುತ್ತವೆ. ಬಾಚಣಿಗೆಗೆ ಋಣ ಆವೇಶ, ಕೂದಲಿಗೆ ಧನ ಆವೇಶ ಬರುತ್ತದೆ. ಈ ವಿದ್ಯುತ್ತು ತಂತಿಯ ಕರೆಂಟಿನ ಹಾಗೆ ಹರಿಯದೆ ಒಂದೇ ಕಡೆ ನಿಲ್ಲುವುದರಿಂದ ಇದಕ್ಕೆ ಸ್ಥಿರ ವಿದ್ಯುತ್ ಎಂದು ಹೆಸರು. ಮಳೆಗಾಲದಲ್ಲಿ ಈ ಪ್ರಯೋಗ ಸರಿಯಾಗಿ ಬರೋದಿಲ್ಲ, ಯಾಕೆಂದರೆ ತೇವದಿಂದ ಆವೇಶ ಸೋರಿ ಹೋಗುತ್ತದೆ.

ಮೋಡದಲ್ಲೂ ಇದೇ ನಡೆಯುತ್ತದೆ. ಎತ್ತರದ ಮೋಡದೊಳಗೆ ಮಂಜುಗಡ್ಡೆಯ ಸಣ್ಣ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ಬಡಿಯುತ್ತವೆ. ಹಗುರವಾದ ಹರಳುಗಳು ಧನ ಆವೇಶ ಪಡೆದು ಮೇಲಕ್ಕೆ ಹೋಗುತ್ತವೆ. ಭಾರವಾದವು ಋಣ ಆವೇಶದೊಡನೆ ಕೆಳಗೆ ಉಳಿಯುತ್ತವೆ. ಆಗ ಮೋಡದ ಕೆಳಗಿರುವ ನೆಲದಲ್ಲಿ ಧನ ಆವೇಶ ಸೇರುತ್ತದೆ. ಗಾಳಿ ಸಾಮಾನ್ಯವಾಗಿ ವಿದ್ಯುತ್ತನ್ನು ಬಿಡುವುದಿಲ್ಲ. ಆವೇಶ ಮಿತಿಮೀರಿದಾಗ ಗಾಳಿಯನ್ನು ಸೀಳಿಕೊಂಡು ದೊಡ್ಡ ಕಿಡಿ ಹಾರುತ್ತದೆ. ಅದೇ ಮಿಂಚು. ಅದು ನೆಲಕ್ಕೆ ಬಡಿದರೆ ಸಿಡಿಲು. ಮಿಂಚಿನ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್ ಕಾದು ಒಮ್ಮೆಲೇ ಹಿಗ್ಗುತ್ತದೆ. ಆ ಶಬ್ದವೇ ಗುಡುಗು.

1752ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟ ಹಾರಿಸಿ ಮೋಡದಲ್ಲಿ ವಿದ್ಯುತ್ ಇದೆ ಎಂದು ತೋರಿಸಿದರು. 1753ರಲ್ಲಿ ರಷ್ಯಾದಲ್ಲಿ ಇಂಥದೇ ಪ್ರಯೋಗ ಮಾಡಲು ಹೋದ ರಿಚ್‌ಮನ್ ಎಂಬ ವಿಜ್ಞಾನಿ ಸಿಡಿಲು ಬಡಿದು ಸತ್ತರು. ಆದ್ದರಿಂದ ಯಾರೂ ಮಳೆಯಲ್ಲಿ ಗಾಳಿಪಟ ಹಾರಿಸಬೇಡಿ!

ಸಿಡಿಲು ಎಷ್ಟು ದೂರ? ಮಿಂಚಿದ ಕೂಡಲೇ ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸಿರಿ. ಗುಡುಗು ಕೇಳಿದಾಗ ನಿಲ್ಲಿಸಿ 3ರಿಂದ ಭಾಗಿಸಿರಿ. ಬಂದ ಉತ್ತರವೇ ಕಿಲೋಮೀಟರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದೇ ಇದಕ್ಕೆ ಕಾರಣ. 30 ಸೆಕೆಂಡಿಗಿಂತ ಕಡಿಮೆ ಬಂದರೆ ಸಿಡಿಲು ನಮಗೂ ಬಡಿಯಬಹುದು.

ನೆನಪಿಡಿ:
1. ಮಳೆ ಬಂತೆಂದು ಹುಣಸೆಮರ, ತೆಂಗಿನಮರದ ಕೆಳಗೆ ನಿಲ್ಲಬೇಡಿ. ಸಿಡಿಲು ಎತ್ತರವಾದದ್ದಕ್ಕೇ ಹೆಚ್ಚಾಗಿ ಬಡಿಯುತ್ತದೆ.
2. ಬಯಲಲ್ಲಿ, ಕೆರೆಯಲ್ಲಿ ಇರಬೇಡಿ. ಪಕ್ಕಾ ಮನೆಯೊಳಗೆ ಹೋಗಿ. ಕಿಟಕಿ, ನಲ್ಲಿ, ವೈರು ಮುಟ್ಟಬೇಡಿ.
3. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಹೊರಗೆ ಬನ್ನಿ.
4. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಶಾಕ್ ಹೊಡೆಯುತ್ತದೆ ಎಂಬುದು ಸುಳ್ಳು. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಕೂಡಲೇ ದೊಡ್ಡವರನ್ನು ಕರೆದು, 108ಕ್ಕೆ ಫೋನ್ ಮಾಡಿಸಿ. ಉಸಿರು ನಿಂತಿದ್ದರೆ ತಿಳಿದವರು ಎದೆ ಒತ್ತಿ ಬದುಕಿಸಬಹುದು.

ದನ ಕಾಯುವವರು, ಹೊಲಕ್ಕೆ ಹೋಗುವವರು ನಮ್ಮ ಗೋಡೆ ಪತ್ರಿಕೆ ಓದಲು ಬರುವುದಿಲ್ಲ. ಓದಿದ ನೀವೇ ಇವತ್ತು ಮನೆಗೆ ಹೋಗಿ ಅವರಿಗೆ ಹೇಳಿ.

— 7ನೇ ತರಗತಿ