ಬರೀ ಹಬೆ ಅಂತೀರಲ್ಲ, ಆ ಸೀಸ ಎಲ್ಲಿಂದ ಬಂತು?

"ಸಿಗರೇಟ್ ಬಿಟ್ಟಾಯ್ತು ಮಗಾ, ಇದು ಬರೀ ಹಬೆ."

ಹಾಸ್ಟೆಲ್‌ನಲ್ಲಿ ಈ ಮಾತು ನಾವೆಲ್ಲ ಕೇಳಿದ್ದೀವಿ. ಹೇಳಿದವನು ನಮ್ಮದೇ ಗೆಳೆಯ, ಕೈಯಲ್ಲಿ ಪೆನ್‌ಡ್ರೈವ್ ತರಹದ ವೇಪ್. ಅವನಿಗೆ ಉಪದೇಶ ಮಾಡೋದು ಬೇಡ, ಆ ಹಬೆ ಹೇಗೆ ಹುಟ್ಟುತ್ತೆ ಅಂತ ಲೆಕ್ಕ ಹಾಕಿ ತೋರಿಸೋಣ ಅಂದುಕೊಂಡೆವು.

ಸರ್ಕ್ಯೂಟ್ ತುಂಬಾ ಸರಳ. ಒಂದು ಲಿಥಿಯಂ ಬ್ಯಾಟರಿ, ಒಂದು ಲೋಹದ ಕಾಯಿಲ್, ದ್ರವ ಹೀರುವ ಹತ್ತಿಯ ಬತ್ತಿ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್ ಮತ್ತು ಸಾಮಾನ್ಯವಾಗಿ ನಿಕೋಟಿನ್. ಬ್ಯಾಟರಿ 3.7 ವೋಲ್ಟ್, ಕಾಯಿಲ್ 1.2 ಓಮ್ ಅಂತ ಇಟ್ಕೊಳ್ಳಿ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಸುಮಾರು 11.4 ವ್ಯಾಟ್. ಅಷ್ಟು ಸಣ್ಣ ತಂತಿಯನ್ನು 200 ಡಿಗ್ರಿ ಸೆಲ್ಸಿಯಸ್ ದಾಟಿಸೋಕೆ ಇದು ಸಾಕು. ದ್ರವ ಆವಿಯಾಗಿ, ತಣ್ಣಗಾಗಿ, ಸೂಕ್ಷ್ಮ ಹನಿಗಳಾಗುತ್ತೆ. ಅಂದ್ರೆ ಅದು ನೀರಿನ ಹಬೆಯೇ ಅಲ್ಲ, ಏರೋಸಾಲ್.

ಕಾಯಿಲ್ ಹೆಚ್ಚಾಗಿ ನೈಕ್ರೋಮ್, ಕಾಂತಾಲ್ ಅಥವಾ ಸ್ಟೇನ್‌ಲೆಸ್ ಸ್ಟೀಲ್. ಇಲ್ಲಿ ಗೆಳೆಯ ಒಳ್ಳೆ ಪ್ರಶ್ನೆ ಕೇಳಿದ: "ನಿಕ್ಕಲ್ ಕುದಿಯೋಕೆ 2,700 ಡಿಗ್ರಿ ಬೇಕು. ಇಷ್ಟು ಬಿಸಿಗೆ ಅದು ಹೇಗೆ ಹೊರಗೆ ಬರುತ್ತೆ?"

ಲೋಹ ಕುದಿಯಬೇಕಾಗಿಲ್ಲ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಡಬೇಡ ಅಂತ ಅಜ್ಜಿ ಬೈಯ್ತಾರಲ್ಲ, ಅದೇ ಕಥೆ. ಪಾತ್ರೆ ಕರಗಲ್ಲ, ಆದರೂ ಲೋಹ ಹುಳಿಗೆ ಇಳಿಯುತ್ತೆ. ವೇಪ್‌ನಲ್ಲೂ ದ್ರವ ದಿನಗಟ್ಟಲೆ ಲೋಹಕ್ಕೆ ಅಂಟಿಕೊಂಡಿರುತ್ತೆ. ಕಾಯಿಲ್ ಮತ್ತೆ ಮತ್ತೆ ಕಾದು ತಣ್ಣಗಾಗಿ ಸವೆಯುತ್ತೆ. ಹೀಗೆ ಬಿಟ್ಟ ಲೋಹ ಹನಿಗಳ ಜೊತೆ ಸವಾರಿ ಮಾಡಿ ಶ್ವಾಸಕೋಶಕ್ಕೆ ಹೋಗುತ್ತೆ.

ಇದಕ್ಕೆ ಅಳತೆಯ ಸಾಕ್ಷಿ ಇದೆ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿತು. ಬಾಟಲಿಯ ದ್ರವದಲ್ಲಿ ಇದ್ದದ್ದಕ್ಕಿಂತ ಏರೋಸಾಲ್‌ನಲ್ಲಿ ಸೀಸದ ಮಧ್ಯಾಂಕ 25 ಪಟ್ಟಿಗೂ ಹೆಚ್ಚು. ಕ್ರೋಮಿಯಂ, ನಿಕ್ಕಲ್ ಕೂಡ ಏರಿದ್ದವು. ಬಾಟಲಿಯಲ್ಲಿ ಕಮ್ಮಿ, ಹೊರಗೆ ಬರುವಾಗ ಜಾಸ್ತಿ ಅಂದ್ರೆ ಮೂಲ ಸಾಧನವೇ ಅಲ್ವಾ? ಕಾಯಿಲ್ ಬದಲಿಸ್ತಾ ಇದ್ರೆ ಸರಿಹೋಗುತ್ತೆ ಅನ್ನೋ ಹಾಗೂ ಇಲ್ಲ. ಪದೇ ಪದೇ ಬದಲಿಸಿದವರ ಸಾಧನಗಳಲ್ಲೇ ಲೋಹ ಹೆಚ್ಚಿರುವ ಲಕ್ಷಣ ಕಂಡಿತ್ತು.

2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು ಬಳಸಿ ಬಿಸಾಡುವ ವೇಪ್‌ಗಳನ್ನು ನೋಡಿದರು. ಕೆಲವದರಲ್ಲಿ ಸೀಸ ಬೆರೆತ ಕಂಚಿನ ಬಿಡಿಭಾಗಗಳಿಂದಲೇ ಸೀಸ ದ್ರವಕ್ಕೆ ಇಳಿಯುತ್ತಿತ್ತು. ಅವುಗಳಲ್ಲಿ ಒಂದು, ಒಂದು ದಿನದ ಬಳಕೆಯಲ್ಲಿ ಬಿಟ್ಟ ಸೀಸ ಸುಮಾರು 20 ಪ್ಯಾಕ್ ಸಿಗರೇಟಿಗಿಂತ ಹೆಚ್ಚು. ಹಾಗಂತ ಸಿಗರೇಟು ಒಳ್ಳೇದು ಅಂತ ಅಲ್ಲ. ಅದರ ಟಾರ್, ಕಾರ್ಬನ್ ಮಾನಾಕ್ಸೈಡ್ ಬೇರೆಯದೇ ಲೆಕ್ಕ.

ದೇಹದಲ್ಲಿ ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತೆ, ನರಮಂಡಲಕ್ಕೆ ಪೆಟ್ಟು ಕೊಡುತ್ತೆ. ಇಷ್ಟಿದ್ದರೆ ಸುರಕ್ಷಿತ ಅನ್ನೋ ಮಟ್ಟವೇ ಅದಕ್ಕಿಲ್ಲ. ನಿಕ್ಕಲ್ ಸಂಯುಕ್ತಗಳು ಮತ್ತು ಆರು ವೇಲೆನ್ಸಿಯ ಕ್ರೋಮಿಯಂ ಉಸಿರಿನಲ್ಲಿ ಹೋದರೆ ಕ್ಯಾನ್ಸರ್ ತರಬಲ್ಲವು.

"ಸರಿ, ಯಾವ ಬ್ರ್ಯಾಂಡ್ ಸೇಫ್?" ಅಂತ ಕೇಳಿದ. ಉತ್ತರ ಕೊಡೋಕೆ ಆಗಲ್ಲ. 2019ರ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟ ಎಲ್ಲ ನಿಷಿದ್ಧ. ಕದ್ದು ಬಂದ ಮಾಲಿನ ಒಳಗೆ ಯಾವ ಮಿಶ್ರಲೋಹ ಇದೆ ಅಂತ ಯಾರು ಪರೀಕ್ಷೆ ಮಾಡ್ತಾರೆ?

ಅವನು ಅವತ್ತೇ ಬಿಟ್ಟ ಅಂತ ನಾವು ಬರೆಯಲ್ಲ. ನಿಕೋಟಿನ್ ಚಟ ಅಷ್ಟು ಸುಲಭ ಅಲ್ಲ. ಆದರೆ "ಬರೀ ಹಬೆ" ಅನ್ನೋ ಮಾತು ನಿಂತಿದೆ. ತಂಬಾಕು ಬಿಡಿಸುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಅವನ ಫೋನಿನಲ್ಲಿ ಸೇವ್ ಆಗಿದೆ. ನಿಮ್ಮ ರೂಮ್‌ಮೇಟ್‌ಗೂ ಕೊಡಿ, ಬೈಯ್ಯದೆ.