ಅಮ್ಮನನ್ನು ಕೇಳುವುದು ಟಿಕೆಟ್ ಬುಕ್ ಮಾಡುವ ಮೊದಲು

‘ನಾನು ಟಿ, ನನಗೆ ನಯವಾಗಿ ಮಾತಾಡೋಕೆ ಬರಲ್ಲ’, ‘ನಾನು ಎಫ್, ಯಾರಿಗೂ ಇಲ್ಲ ಅನ್ನೋಕೆ ಆಗಲ್ಲ’. ಕಚೇರಿಯ ತರಬೇತಿಯಲ್ಲೋ ಮೊಬೈಲಿನಲ್ಲೋ ಎಂಬಿಟಿಐ ಎಂಬ ವ್ಯಕ್ತಿತ್ವ ಪರೀಕ್ಷೆ ಮಾಡಿಕೊಂಡವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಫಲಿತಾಂಶವನ್ನು ಜಾತಕದಂತೆ ನಂಬುವುದು ಸರಿಯಲ್ಲ.

ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಸಿದ್ಧಾಂತವನ್ನು ಆಧರಿಸಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್, ಅವರ ಮಗಳು ಇಸಬೆಲ್ ಮೈಯರ್ಸ್ ಈ ಪ್ರಶ್ನಾವಳಿ ರೂಪಿಸಿದರು. ಅಕ್ಷರಗಳಿಂದ ಗುರುತಿಸುವ ಒಟ್ಟು 16 ವ್ಯಕ್ತಿತ್ವ ಮಾದರಿಗಳು. ತರ್ಕದ ಮೇಲೆ ತೀರ್ಮಾನಿಸುವ ಒಲವು ಟಿ. ಜನರನ್ನೂ ಮೌಲ್ಯಗಳನ್ನೂ ತೂಗಿ ತೀರ್ಮಾನಿಸುವ ಒಲವು ಎಫ್. ಎರಡೂ ಎಲ್ಲರಲ್ಲೂ ಇವೆ. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಬರೆದಾಗ ಅಕ್ಷರವೇ ಬದಲಾಗುವವರು ಎಷ್ಟೋ ಮಂದಿ.

ಟಿ, ಎಫ್ ಎರಡನ್ನೂ ಬಳಸಲು ಮೈಯರ್ಸ್ ಅವರೇ ನಾಲ್ಕು ಹೆಜ್ಜೆಗಳ ಕ್ರಮ ಸೂಚಿಸಿದ್ದಾರೆ. ಊರಲ್ಲಿ ಒಬ್ಬರೇ ಇರುವ ಅಮ್ಮನನ್ನು ಬೆಂಗಳೂರಿಗೆ ಕರೆತರುವ ವಿಚಾರವನ್ನೇ ತೆಗೆದುಕೊಳ್ಳಿ.

ಮೊದಲು ಹಾಳೆಯ ಮೇಲೆ ಸಂಗತಿಗಳನ್ನಷ್ಟೇ ಬರೆಯಿರಿ: ಅಮ್ಮನ ಬಿಪಿ, ಶುಗರ್, ಆಸ್ಪತ್ರೆ ಎಷ್ಟು ದೂರ, ರಾತ್ರಿ ಜೊತೆಗೆ ಯಾರು. ಎರಡನೆಯದು, ಇರುವ ದಾರಿಗಳು: ಕರೆತರುವುದು, ಊರಲ್ಲೇ ಕೆಲಸದವರನ್ನು ಇಡುವುದು, ಅಕ್ಕನ ಮನೆಯಲ್ಲಿ ಕೆಲವು ತಿಂಗಳು. ಎರಡೇ ಹೊಳೆದರೆ ಇನ್ನೊಂದು ಹುಡುಕಿ. ಮೂರನೆಯದು, ಒಂದೊಂದು ದಾರಿಯ ಖರ್ಚು, ಪರಿಣಾಮ. ನಾಲ್ಕನೆಯದು, ಯಾರಿಗೆ ಏನು ಮುಖ್ಯ ಎಂಬುದು.

ಎಡವುವುದು ಈ ನಾಲ್ಕನೆಯದರಲ್ಲೇ. ಟಿ ಒಲವಿನವರು ಮೂರಕ್ಕೇ ತೀರ್ಮಾನ ಮುಗಿಸಿ, ಟಿಕೆಟ್ ಬುಕ್ ಮಾಡಿ, ಆಮೇಲೆ ‘ಅಮ್ಮನಿಗೆ ಹೇಗೆ ಹೇಳೋಣ’ ಎಂದು ಯೋಚಿಸುತ್ತಾರೆ. ಅದು ಒಪ್ಪಿಸುವ ಕೆಲಸ, ಕೇಳುವುದಲ್ಲ. ‘ಅಮ್ಮಾ, ಇಲ್ಲಿ ನಿನಗೆ ಬಿಟ್ಟುಬರೋಕೆ ಆಗದೇ ಇರೋದು ಏನು?’ ಎಂದು ಮೊದಲೇ ಕೇಳಬೇಕು. ಸಂಜೆಯ ಭಜನೆ, ಹಿತ್ತಲು, ಅಪ್ಪ ಕಟ್ಟಿಸಿದ ಮನೆ ಎಂದು ಅವರು ಹೇಳಿದರೆ, ಆಸ್ಪತ್ರೆಯ ದೂರ ಬರೆದ ಹಾಳೆಯಲ್ಲೇ ಅದನ್ನೂ ಬರೆಯಿರಿ. ಎಫ್ ಒಲವಿನವರ ತಪ್ಪು ತಿರುವುಮುರುವು. ಫೋನಿನಲ್ಲಿ ಅಮ್ಮನ ದನಿ ಗದ್ಗದವಾದ ಕೂಡಲೇ ‘ನಾಳೆನೇ ಬಂದು ಕರ್ಕೊಂಡು ಹೋಗ್ತೀನಿ’ ಎಂದುಬಿಡುತ್ತಾರೆ. ಲೆಕ್ಕ ಹಾಕುವುದು ಆಮೇಲೆ, ಅದೂ ಕೊಟ್ಟ ಮಾತಿಗೆ ಹೊಂದುವ ಹಾಗೆ. ದಿನವಿಡೀ ಅಮ್ಮನ ಜೊತೆ ಮನೆಯಲ್ಲಿರಬೇಕಾದ ಹೆಂಡತಿಯನ್ನು ಕೇಳಿಯೇ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಜಗಳ ಹುಟ್ಟುವುದು ಇಲ್ಲಿಂದಲೇ ಎಂಬುದು ನನ್ನ ಅನುಭವ.

ಪರೀಕ್ಷಿಸಿಕೊಳ್ಳಲು ಒಂದೇ ಪ್ರಶ್ನೆ ಸಾಕು: ಮನೆಯವರ ಉತ್ತರ ಬೇರೆಯಾಗಿದ್ದರೆ ನನ್ನ ತೀರ್ಮಾನ ಬದಲಾಗುತ್ತಿತ್ತೇ? ಇಲ್ಲ ಎಂದಾದರೆ ಹಾಳೆ ಮತ್ತೆ ತೆಗೆಯಿರಿ.

ಒಂದು ರಾತ್ರಿ ಕಳೆದ ಮೇಲೇ ನಿರ್ಧಾರ ತಿಳಿಸಿ. ಗಂಡ, ಹೆಂಡತಿ, ಮಕ್ಕಳಿಗೆ ಅಕ್ಷರ ಅಂಟಿಸಬೇಡಿ. ಕೆಲಸಕ್ಕೆ ಆಯ್ಕೆ ಮಾಡಲೂ ಈ ಪರೀಕ್ಷೆ ಬಳಸಬಾರದೆಂದು ಅದನ್ನು ಪ್ರಕಟಿಸುವ ಸಂಸ್ಥೆಯೇ ಹೇಳುತ್ತದೆ. ನಿದ್ದೆಗೆಟ್ಟು, ಬೇಸರ ವಾರಗಟ್ಟಲೆ ಬಿಡದಿದ್ದರೆ ಈ ಹಾಳೆಯಿಂದ ಪರಿಹಾರ ಸಿಗದು; ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.